ಅತ್ತೆ ಕರೆಯದ ಹೆಸರು

ನನ್ನ ಮಗಳ ಹೆಸರು ಗಲ್ಫಿನಿಂದ ಕ್ಯಾಸೆಟ್ಟಿನಲ್ಲಿ ಬಂತು. ತೊಂಬತ್ತರ ದಶಕದಲ್ಲಿ ಮೆಲ್ಕಾರಿನ ನಮ್ಮಂಥ ಬ್ಯಾರಿ ಮನೆಗಳಲ್ಲಿ ದುಡಿಯಲು ಹೋದ ಗಂಡಂದಿರು ಹೀಗೆ ಕ್ಯಾಸೆಟ್ ಕಳಿಸಿ ಬರೀ ದನಿಯಲ್ಲೇ ಸಂಸಾರ ಮಾಡುತ್ತಿದ್ದರು. ಟೇಪ್‌ರೆಕಾರ್ಡರಿನ ಸುತ್ತ ಎಲ್ಲರೂ ಕೂತಿದ್ದೆವು.

"ರೀಮ್ ಅಂತ ಇಡುವ. ಮರುಭೂಮಿಯ ಬಿಳಿ ಜಿಂಕೆಗೆ ಅರಬಿಗಳು ಹಾಗೆ ಹೇಳ್ತಾರೆ. ಇಲ್ಲಿ ಈಗ ಹೆಣ್ಣುಮಕ್ಕಳಿಗೆ ಇದೇ ಹೆಸರು," ಎಂದರು ನನ್ನವರು. ನನಗೆ ಕೇಳಿದೊಡನೆ ಹಿಡಿಸಿತು. ಅತ್ತೆ ಟೇಪ್ ನಿಲ್ಲಿಸಿದರು.

"ಜಿಂಕೆ ಒಂದು ಕಡೆ ನಿಲ್ತದಾ? ಮಗು ನಮ್ಮ ಕೈಯಲ್ಲಿ ನಿಲ್ಲುದು ಬೇಡವಾ?"

ತಮ್ಮ ತಾಯಿಯ ಹೆಸರನ್ನೇ ಇಡಬೇಕೆಂದು ಅವರಿಗೆ ಆಸೆ. ನಾನು ಬಿಡಲಿಲ್ಲ, ಅವರೂ ಸೋಲಲಿಲ್ಲ. ಮನೆಯವರೆಲ್ಲ ರೀಮ್ ಎಂದರೆ ಅವರೊಬ್ಬರು ಮಾತ್ರ ಮಗುವನ್ನು ತಮ್ಮ ತಾಯಿಯ ಹೆಸರಿನಿಂದಲೇ ಕರೆದರು.

ಮಗುವಿಗೆ ಮೇಲಿಂದ ಮೇಲೆ ಜ್ವರ ಬರತೊಡಗಿತು. ಹೆಸರು ಭಾರವಾದರೆ ಮಗು ತಾಳಲಾರದು, ಬದಲಿಸಿಬಿಡಬೇಕು ಎಂದು ನಮ್ಮ ಹಿರಿಯರ ನಂಬಿಕೆ. ಅತ್ತೆ ಅದನ್ನು ಹೇಳಿದಾಗಲೆಲ್ಲ ನಗುತ್ತಿದ್ದೆ, ಒಳಗೊಳಗೇ ಹೆದರುತ್ತಿದ್ದೆ. ಹೆಸರಿನಲ್ಲಿ ದೋಷವಿಲ್ಲ ಎಂದು ಮಸೀದಿಯ ಉಸ್ತಾದರು ಹೇಳಿದ್ದರು. ಆದರೂ ಮಗುವಿನ ಮೈ ಸುಡುವಾಗ ಜಿಂಕೆಯೊಂದು ಅಂಗಳ ದಾಟಿ ಓಡುವುದು ಕಣ್ಣಿಗೆ ಕಟ್ಟುತ್ತಿತ್ತು. ಹೆತ್ತವಳ ಹೆದರಿಕೆಗೆ ಉಸ್ತಾದರ ಮಾತು ಎಲ್ಲಿ ಸಾಲುತ್ತದೆ?

ಒಂದು ಮಧ್ಯಾಹ್ನ ಜ್ವರ ನೆತ್ತಿಗೇರಿ ಮಗುವಿನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡವು. ಕೈಕಾಲು ಸೆಟೆದು ಅದುರಿದವು. ರಿಕ್ಷಾ ಹಿಡಿದು ಬಂಟ್ವಾಳದ ಆಸ್ಪತ್ರೆಗೆ ಓಡಿದೆವು. ಪಾಣೆಮಂಗಳೂರಿನ ಕಿರಿದಾದ ಸೇತುವೆಯಲ್ಲಿ ಲಾರಿಯೊಂದು ಕೆಟ್ಟು ನಿಂತಿತ್ತು. ರಿಕ್ಷಾ ಹಿಂದೆಯೂ ಹೋಗದು, ಮುಂದೆಯೂ ಹೋಗದು. ಅತ್ತೆಯ ಮಡಿಲಲ್ಲಿದ್ದ ಮಗು ಅದುರುವುದನ್ನೂ ನಿಲ್ಲಿಸಿತು. ತುಟಿ ನೀಲಿಯಾಯಿತು.

ಅತ್ತೆ ಬಗ್ಗಿ ಅದರ ಕಿವಿಗೆ ಬಾಯಿಟ್ಟರು. "ರೀಮ್... ಕಣ್ಣು ಬಿಡು ಮಗಳೇ. ರೀಮ್..."

ನನ್ನ ಜೀವವೇ ಹಾರಿಹೋಯಿತು. ಅತ್ತೆ ಹಠ ಬಿಟ್ಟರೆಂದರೆ ಮಗುವಿನ ಆಸೆಯನ್ನೇ ಬಿಟ್ಟಿದ್ದಾರೆ! "ಹಾಗೆ ಕರೀಬೇಡಿ," ಎಂದು ಚೀರಿದೆ. "ನಿಮ್ಮ ಅಮ್ಮನ ಹೆಸರೇ ಕರೀರಿ, ನಿಮ್ಮ ದಮ್ಮಯ್ಯ!"

ಅಷ್ಟರಲ್ಲಿ ಜನ ಸೇರಿ ಲಾರಿಯನ್ನು ಬದಿಗೆ ತಳ್ಳಿದರು. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರು. ಸಂಜೆಗೆ ಮಗು ಹಾಲಿಗೆ ಬಾಯಿ ಹಾಕಿತು. ಇನ್ನು ಭಯವಿಲ್ಲ ಎಂದು ಡಾಕ್ಟರು ಹೇಳಿದರೂ ನನಗೆ ನಂಬಿಕೆ ಬರಲಿಲ್ಲ. ಅತ್ತೆ ಮಗುವನ್ನು ಇನ್ನೂ ರೀಮ್ ಎಂದೇ ಕರೆಯುತ್ತಿದ್ದರು.

ಬೆಳಿಗ್ಗೆ ಅವರು ಮಗುವಿನ ಹಣೆ ಮುಟ್ಟಿ ನೋಡಿದರು. ಮತ್ತೊಮ್ಮೆ ಮುಟ್ಟಿದರು. ಆಮೇಲೆ ನನ್ನನ್ನು ಓರೆಗಣ್ಣಿನಿಂದ ನೋಡಿ, ಗಟ್ಟಿಯಾಗಿ, ತಮ್ಮ ತಾಯಿಯ ಹೆಸರಿನಿಂದ ಮೊಮ್ಮಗಳನ್ನು ಕರೆದರು. ಮಗು ಉಳಿಯಿತೆಂದು ಆಗ ನಂಬಿದೆ.