ಅಜ್ಜಿಯ ಉಗುಳು, ಅತ್ತೆಯ ಹೆಸರು

ಮೊನ್ನೆ ಅಜ್ಜಿಯ ಎಲೆಚೀಲಕ್ಕೆ ಕೈ ಹಾಕಿದೆ. ಕದಿಯುವುದಕ್ಕಲ್ಲ, ಲವಂಗ ಹುಡುಕುವುದಕ್ಕೆ. ಸರಿ, ಕದಿಯುವುದಕ್ಕೇ. ಹೊಸಪೇಟೆಯ ಇಡೀ ಮಾರ್ಕೆಟ್ಟನ್ನು ಮಡಚಿಟ್ಟಂತಿರುವ ಆ ಚೀಲದ ತಳದಲ್ಲಿ ಕಿರುಬೆರಳಿನಷ್ಟುದ್ದದ ಪ್ಲಾಸ್ಟಿಕ್ ನಳಿಕೆಯೊಂದು ಸಿಕ್ಕಿತು. ನೀಲಿ ಮುಚ್ಚಳ, ಒಳಗೆ ಸುಣ್ಣ. ಮುಚ್ಚಳ ತಿರುಗಿಸಿದ್ದೇ ತಡ, ಸುಣ್ಣದ ವಾಸನೆಯ ಹಿಂದೆಯೇ ಉಗುಳಕ್ಕ ನೆನಪಾದರು.

ಉಗುಳಕ್ಕ ಅನ್ನುವುದು ನಾನಿಟ್ಟ ಹೆಸರು. ಆಗ ನಾನು ಐದನೇ ಕ್ಲಾಸು. ಓಣಿಯಲ್ಲಿ ಅರ್ಧದಷ್ಟು ಜನಕ್ಕೆ ನಾನೇ ಹೆಸರಿಟ್ಟಿದ್ದೆ, ಉಳಿದರ್ಧ ನನಗೆ ಹೆದರಿ ಒಳ್ಳೆಯವರಾಗಿದ್ದರು.

ಆ ವರ್ಷ ಅಪ್ಪನ ತಂಗಿ, ಅಂದರೆ ನಮ್ಮ ಅತ್ತೆ, ಚೊಚ್ಚಲ ಹೆರಿಗೆಗೆ ಸಂಡೂರಿನಿಂದ ತವರಿಗೆ ಬಂದಿದ್ದಳು. ಅತ್ತೆ ನಕ್ಕರೆ ಬಸ್ ಸ್ಟ್ಯಾಂಡಿನಲ್ಲಿ ಮಲಗಿದ್ದ ನಾಯಿ ಎದ್ದು ಕೂರುತ್ತಿತ್ತು. ಮಾವನಿಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಹೊತ್ತಲ್ಲದ ಹೊತ್ತಿಗೆ ಬರುವುದು, ಊಟ ಮಾಡುತ್ತಲೇ ನಿದ್ದೆ ಹೋಗುವುದು, ತಟ್ಟೆಯಿಂದ ಮುಖ ಎತ್ತಿಸಿ ನಾವು ಮಲಗಿಸುವುದು.

ಅತ್ತೆಗೆ ಏಳು ತಿಂಗಳಾಗಿದ್ದಾಗ ಮನೆ ಮುಂದೆ ಒಂದು ಸ್ಕೂಟಿ ನಿಂತಿತು. ಹಿಂದಿನ ಸೀಟಿಗೆ ನೀಲಿ ಐಸ್ ಡಬ್ಬಿ ಕಟ್ಟಿತ್ತು.

"ಏನವ್ವಾ, ಐಸ್‌ಕ್ರೀಂ ಮಾರಾಕ ಬಂದಿಯೇನು?" ಅಂದಳು ಅಜ್ಜಿ.

"ಇಲ್ರಿ ಅಜ್ಜಿ, ಉಗುಳು ಇಸ್ಕೊಂಡು ಹೋಗಾಕ ಬಂದೀನಿ."

ಅಜ್ಜಿ ಬಾಯಲ್ಲಿದ್ದ ಎಲೆಯಡಿಕೆಯನ್ನು ಹಾಗೇ ನುಂಗಿದಳು. ನಾನಂತೂ ಅವತ್ತೇ ಆ ಅಕ್ಕನಿಗೆ ಮಾರುಹೋದೆ.

ಅವರು ಕಂಪ್ಲಿಯವರು, ನಲವತ್ತರ ಆಸುಪಾಸು. ಹೊಸಪೇಟೆಯ ಆಸ್ಪತ್ರೆಯೊಂದರ ಡಾಕ್ಟರ ಪರವಾಗಿ ಗರ್ಭಿಣಿಯರ, ಬಾಣಂತಿಯರ ಉಗುಳು, ರಕ್ತ ತೆಗೆದುಕೊಂಡು ಹೋಗುವುದು ಅವರ ಕೆಲಸ. ಪಡಸಾಲೆಯಲ್ಲಿ ಕೂತು ಎಲ್ಲವನ್ನೂ ಬಿಡಿಸಿ ಹೇಳಿದರು.

"ನೋಡ್ರೆವಾ, ನಮ್ಮ ಮೈಯಾಗ ಒಂದು ರಸ ಐತಿ. ಮುಂಜಾನಿ ಎದ್ದ ಕೂಡ್ಲೆ ಏರತೈತಿ, ರಾತ್ರಿಗೆ ಇಳೀತೈತಿ. ಮನಸಿಗೆ ಭಾಳ ದಿನ ತ್ರಾಸಾದ್ರ ಆ ಏರಿಳಿತ ತಪ್ಪಬಹುದು. ಹಡಿಯೋ ಮುಂದ, ಹಡದ ಮ್ಯಾಲೆ ಕೆಲವರಿಗೆ ಮನಸು ಕುಸದು ಹೋಗತೈತಿ. ಅದರ ಗುರ್ತು ಉಗುಳಿನ್ಯಾಗ, ರಕ್ತದಾಗ ಮೊದ್ಲ ಸಿಗತೈತೇನು ಅಂತ ನಮ್ಮ ಡಾಕ್ಟ್ರು ಹುಡುಕಾಕತ್ಯಾರ."

"ಸಿಕ್ಕೈತೇನ್ರಿ?" ಅಂದರು ಅಪ್ಪ.

"ಪಕ್ಕಾ ಗುರ್ತು ಇನ್ನಾ ಯಾರಿಗೂ ಸಿಕ್ಕಿಲ್ರಿ. ಅದಕ ಹುಡುಕೋದು."

ಅತ್ತೆ ಖುಷಿಯಿಂದ ಒಪ್ಪಿದಳು. ಎದ್ದ ಕೂಡಲೇ, ಮುಖ ತೊಳೆಯುವ ಮುಂಚೆ ಒಂದು ನಳಿಕೆ. ಅರ್ಧ ಗಂಟೆ ಬಿಟ್ಟು ಇನ್ನೊಂದು. ಮಲಗುವ ಮುಂಚೆ ಮತ್ತೊಂದು. ಚೀಟಿಯ ಮೇಲೆ ಹೊತ್ತು ಬರೆಯುವ ಅಧಿಕಾರ ನನ್ನದು. ಕ್ಲಾಸಿನಲ್ಲಿ ನಾನು ವಿಜ್ಞಾನಿ ಅಂತ ಹೇಳಿಕೊಂಡೆ. ಮೂವರು ನಂಬಿದರು, ಒಬ್ಬ ತನ್ನ ಉಗುಳನ್ನೂ ತಂದುಕೊಟ್ಟ.

ಆಮೇಲೆ ಹೆಣ್ಣು ಕೂಸು ಹುಟ್ಟಿತು. ನಗು ನಿಂತಿತು.

ಬಾಣಂತಿ ಕೋಣೆಗೆ ಕಿಟಕಿ ಇತ್ತು, ಬೆಳಕಿಗೆ ಪರವಾನಗಿ ಇರಲಿಲ್ಲ. ಕೆಂಡ, ಲೋಬಾನದ ಹೊಗೆ, ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು. ಅದರೊಳಗೆ ಅತ್ತೆ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ಕೂಸು ಅತ್ತರೆ ಬೆಚ್ಚುತ್ತಿದ್ದಳು, ಎತ್ತಿಕೊಳ್ಳುತ್ತಿರಲಿಲ್ಲ. ಅಜ್ಜಿ ತಂದು ಎದೆಗೆ ಹಚ್ಚಬೇಕು. ಕೂಸು ಮಲಗಿದರೂ ಅವಳಿಗೆ ನಿದ್ದೆಯಿಲ್ಲ. ನೋಡಲು ಬಂದವರಲ್ಲಿ ಒಬ್ಬರು ದೃಷ್ಟಿ ಅಂದರು, ಇನ್ನೊಬ್ಬರು ತವರಿನ ಸೊಕ್ಕು ಅಂದರು. ಅಜ್ಜಿ ಎಲ್ಲರಿಗೂ ಒಂದೇ ಮಾತು: "ಆರಾಮದಾಳ್ರಿ, ಹಸಿ ಮೈ ಅಲ್ಲೇನು."

ಆರನೇ ವಾರ ಉಗುಳಕ್ಕ ಮತ್ತೆ ಮೂರು ನಳಿಕೆ ಕೊಟ್ಟು ಹೋದರು. ಅವರ ಸ್ಕೂಟಿ ತಿರುವು ದಾಟುವುದನ್ನೇ ಕಾದು ಅಜ್ಜಿ ನನ್ನನ್ನು ಅಡುಗೆಮನೆಗೆ ಎಳೆದಳು.

"ಬಾಣಂತಿ ಉಗುಳು ಹೊಸ್ತಿಲು ದಾಟಬಾರದು. ಯಾರ ಕೈಗೆ ಹೋಗತೈತೋ, ಯಾರು ಏನು ಮಾಟ ಮಾಡ್ತಾರೋ! ಬಸರಿದ್ದಾಗ ಸುಮ್ಮನಿದ್ದೆ. ಈಗ ಬ್ಯಾಡ. ಉಗುಳು ತಾನೆ ಬೇಕು? ನಾ ಕೊಡ್ತೀನಿ. ನೀ ಬಾಯಿ ಬಿಟ್ಟರ ನೋಡು."

ಬಾಯಿ ಮುಚ್ಚುವುದಕ್ಕೆ ಒಂದು ಪ್ಲೇಟ್ ಮಿರ್ಚಿ ಬಜ್ಜಿ ಅಂತ ಒಪ್ಪಂದವಾಯಿತು. ಅಜ್ಜಿ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ, ತುಂಗಭದ್ರಾ ಡ್ಯಾಮಿನ ಗೇಟು ಎತ್ತಿದ ಹಾಗೆ ಉಗುಳಿದಳು. ನಾನು ಅತ್ತೆಯ ಹೆಸರು ಬರೆದು ಹೊತ್ತು ಹಾಕಿದೆ. ಆದರೆ ನಲವತ್ತು ವರ್ಷದ ಎಲೆಯಡಿಕೆ ಒಂದು ಚೊಂಬು ಉಪ್ಪುನೀರಿಗೆ ಹೋಗುತ್ತದೆಯೇ? ಮೂರೂ ನಳಿಕೆ ರೋಜ್ ಮಿಲ್ಕ್ ಆಗಿ ಕೂತವು.

ಉಗುಳಕ್ಕ ಒಂದನ್ನು ಬೆಳಕಿಗೆ ಹಿಡಿದರು. "ಬಾಣಂತಿಗೆ ಎಲಿ ಅಡಿಕಿ ಕೊಡ್ತೀರೇನ್ರಿ?"

"ಕೊಡದಽ ಇದ್ರ ಹೆಂಗವ್ವಾ? ಊಟ ಅರಗಬೇಕಲ್ಲ," ಅಂದಳು ಅಜ್ಜಿ. ಅದು ನಿಜವೇ. ನಮ್ಮ ಕಡೆ ಬಾಣಂತಿಗೆ ಊಟವಾದ ಮೇಲೆ ಎಲೆಯಡಿಕೆ ತಪ್ಪಿಸುವುದಿಲ್ಲ. ಹಾಗಾಗಿ ಸುಳ್ಳು ಆರಾಮವಾಗಿ ಸಂಪ್ರದಾಯದ ಹಿಂದೆ ಅಡಗಿಕೊಂಡಿತು. ಉಗುಳಕ್ಕ ಹೊಸ ನಳಿಕೆ ಕೊಟ್ಟು, ಎಲೆ ಹಾಕಿಕೊಳ್ಳುವ ಮುಂಚೆಯೇ ಉಗುಳಿಸಿ ಅಂದು ಹೋದರು.

ಅದರ ಮಾರನೇ ದಿನ ಮಧ್ಯಾಹ್ನ ನಾನು ಕೂಸಿನ ಬಟ್ಟೆ ಇಡಲು ಕೋಣೆಗೆ ಹೋದೆ. ಅತ್ತೆ ಕೂಸಿಗೆ ಪಿಸುಮಾತಿನಲ್ಲಿ ಏನೋ ಹೇಳುತ್ತಿದ್ದಳು. "ನಿನಗ ಬ್ಯಾರೆ ಅವ್ವ ಸಿಗಬೇಕಿತ್ತು ನೋಡು. ನಾ ಇಲ್ದಿದ್ರ ನಿನಗ ಚಲೋ ಇರ್ತಿತ್ತು..."

ಆ ರಾತ್ರಿ ಅಜ್ಜಿ ಮಿರ್ಚಿ ತರಿಸಿಕೊಟ್ಟಳು. ನನ್ನ ಚರಿತ್ರೆಯಲ್ಲೇ ಮೊದಲ ಸಲ ಮಿರ್ಚಿ ಬಿಟ್ಟೆ.

ಮರುದಿನ ಉಗುಳಕ್ಕ ಬಂದು, ಅಜ್ಜಿ ತುಂಬಿಸಿಟ್ಟಿದ್ದ ಎರಡನೇ ಸಲದ ನಳಿಕೆ ತೆರೆದರು. ಮತ್ತೆ ಗುಲಾಬಿ. ಮೂಗಿನ ಹತ್ತಿರ ಹಿಡಿದು, "ಬಾಣಂತಿ ತಂಬಾಕು ಹಾಕ್ತಾಳೇನ್ರಿ?" ಅಂದರು.

"ಶಿವ ಶಿವಾ! ನಮ್ಮ ಮನ್ಯಾಗ ಬಾಣಂತಿಗೆ ತಂಬಾಕಾ?" ಅಂದಳು ಅಜ್ಜಿ, ದವಡೆಯಲ್ಲಿ ನಿಂಬೆಹಣ್ಣಿನಷ್ಟು ತಂಬಾಕು ಇಟ್ಟುಕೊಂಡು.

"ಅದು ಅಜ್ಜೀದು! ಎರಡೂ ಸಲ ಅಜ್ಜೀದಽ!" ಅಂದುಬಿಟ್ಟೆ. ಅತ್ತೆ ಕೂಸಿಗೆ ಹೇಳಿದ್ದನ್ನೂ ಅಂದುಬಿಟ್ಟೆ.

ಅಜ್ಜಿ ನನ್ನನ್ನು ಸುಡುವಂತೆ ನೋಡಿದಳು. ಉಗುಳಕ್ಕ ಬೈಯುತ್ತಾರೆ ಅಂದುಕೊಂಡೆ. ಅವರು ನಳಿಕೆ ಕೆಳಗಿಟ್ಟು ಅಜ್ಜಿಯ ಪಕ್ಕದಲ್ಲಿ ಕೂತರು.

"ಅಜ್ಜಿ, ನೀವು ಮಗಳನ್ನ ಕಾಯಾಕ ಮಾಡೀರಿ, ನನಗ ಸಿಟ್ಟಿಲ್ಲ. ಆದ್ರ ಇದರ ಮ್ಯಾಲೆ ಆಕಿ ಹೆಸರೈತಿ. ನಾಳೆ ನಿಮ್ಮ ಉಗುಳು ನೋಡಿ ಈ ಬಾಣಂತಿ ಗಟ್ಟಿ ಅದಾಳ ಅಂತ ಬರ್ಕೊಂಡ್ರ ನಿಮಗ ಸಮಾಧಾನೇನ್ರಿ?"

ಅಜ್ಜಿಯ ದವಡೆ ನಿಂತಿತು. ಎದ್ದು ಹೋಗಿ ತಂಬಾಕು ಉಗಿದು ಬಂದಳು.

"ಆರಾಮಿಲ್ಲವ್ವಾ ನನ್ನ ಮಗಳು," ಅಂದಳು ಕೊನೆಗೆ. "ಎಲ್ಲಾರೂ ಏನಂತಾರ ಅಂತ ಹೇಳಲಿಲ್ಲ. ಆಕಿ ನನ್ನ ಕಡೀನೂ ನೋಡವಲ್ಲಳು."

ಅವತ್ತು ಉಗುಳಕ್ಕ ಅತ್ತೆಯ ಕೋಣೆಗೆ ನಳಿಕೆ ಒಯ್ಯಲಿಲ್ಲ. ನೆಲದ ಮೇಲೆ ಕೂತರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಎಷ್ಟು ದಿನದಿಂದ ನಿದ್ದೆ ಇಲ್ಲ, ಯಾವುದರಲ್ಲಾದರೂ ಖುಷಿ ಅನಿಸುತ್ತದೆಯೇ, ಎಲ್ಲಾ ನಿನ್ನದೇ ತಪ್ಪು ಅನಿಸುತ್ತದೆಯೇ ಅಂತ ಮೆಲ್ಲಗೆ ಕೇಳಿದರು. ಆಮೇಲೆ, "ಜೀವಾ ಬ್ಯಾಡ ಅನಸ್ತೈತೇನವ್ವಾ?" ಅಂದರು.

ಅತ್ತೆ ಗೋಡೆ ಕಡೆ ಮುಖ ಮಾಡಿಕೊಂಡೇ "ಹೂಂ" ಅಂದಳು.

"ಹೇಳಿದ್ದು ಚಲೋ ಆತು. ಇದು ನಿನ್ನ ತಪ್ಪಲ್ಲ, ಜಡ್ಡು. ಔಷಧ ಐತಿ, ವಾಸಿ ಆಗತೈತಿ. ಈಗಿಂದೀಗ ಡಾಕ್ಟ್ರ ಕಡೆ ಹೋಗೂಣು, ನಾ ಬರ್ತೀನಿ." ಅತ್ತೆಯ ಕೈ ಹಿಡಿದು ಅಂದರು, "ನನಗೂ ಆಗಿತ್ತು. ನನ್ನ ಯಾರೂ ಕೇಳಿರಲಿಲ್ಲ..."

ಉಳಿದದ್ದನ್ನು ಅವರು ಹೇಳಲಿಲ್ಲ. ನಾನೂ ಇವತ್ತಿನವರೆಗೆ ಊಹಿಸಲು ಹೋಗಿಲ್ಲ.

ಬಾಣಂತಿ ಹೊರಗೆ ಹೊರಡುವುದು ಅಂದರೆ ಸಣ್ಣ ವಿಷಯವಲ್ಲ. ಅಜ್ಜಿ ಬಿಸಿಲಿನಲ್ಲಿ ಅತ್ತೆಗೆ ಸ್ವೆಟರ್, ಅದರ ಮೇಲೆ ಶಾಲು, ಅದರ ಮೇಲೆ ಕಂಬಳಿ ಹೊದಿಸಿದಳು. ಆಟೋದವನು ಆ ಗಂಟನ್ನು ನೋಡಿ, "ಸಾಮಾನು ಆತು, ಪೇಷಂಟ್ ಎಲ್ರಿ?" ಅಂದ.

ಡಾಕ್ಟರು ಅತ್ತೆಯ ಜೊತೆ ಬಹಳ ಹೊತ್ತು ಮಾತಾಡಿದರು. ರಕ್ತ ಕಡಿಮೆ ಇದೆಯೋ, ಥೈರಾಯ್ಡ್ ಏನಾದರೂ ಇದೆಯೋ ಅಂತಲೂ ಪರೀಕ್ಷೆ ಮಾಡಿಸಿದರು. ಹಾಲುಣಿಸುವ ತಾಯಿಗೆ ಹೊಂದುವ ಮಾತ್ರೆ ಕೊಟ್ಟರು. ವಾರಕ್ಕೊಮ್ಮೆ ಬನ್ನಿ, ಅಲ್ಲಿಯವರೆಗೆ ಒಬ್ಬಳನ್ನೇ ಬಿಡಬೇಡಿ, ನಿದ್ದೆ ಮಾಡಲು ಬಿಡಿ ಅಂದರು. ಮಾವ ರಜೆ ಹಾಕಿ ಬಂದ. ಉಕ್ಕು ಕಾಯಿಸುವ ಮನುಷ್ಯ ಕೂಸಿಗೆ ಲಂಗೋಟಿ ಕಟ್ಟಲು ಹೋಗಿ ತನ್ನ ಹೆಬ್ಬೆರಳನ್ನೂ ಸೇರಿಸಿ ಕಟ್ಟಿಕೊಂಡ. ನಾಲ್ಕೈದು ವಾರ ಕಳೆದಿರಬೇಕು... ಕೋಣೆಯಿಂದ ಫಕ್ಕನೆ ಒಂದು ಸದ್ದು ಬಂತು. ಬಸ್ ಸ್ಟ್ಯಾಂಡಿನವರೆಗೆ ಮುಟ್ಟುವಂಥದ್ದಲ್ಲ, ಪಡಸಾಲೆಯವರೆಗಷ್ಟೇ. ಅಜ್ಜಿ ಕೈಯಲ್ಲಿದ್ದ ಜೋಳದ ಹಿಟ್ಟಿನ ಸಮೇತ ಓಡಿದಳು.

ಉಗುಳಕ್ಕ ಆಮೇಲೂ ನಾಲ್ಕಾರು ಸಲ ಬಂದರು. ಕೆಲಸ ಮುಗಿದ ಮೇಲೆ ಕಂಪ್ಲಿಗೆ ಹೋದರು. ಹಬ್ಬಕ್ಕೆ ಫೋನ್ ಮಾಡಬೇಕು ಅಂತ ನಾವು ಪ್ರತಿ ಹಬ್ಬಕ್ಕೂ ಅಂದುಕೊಂಡೆವು...

ನಾನೀಗ ಸೆಕೆಂಡ್ ಪಿಯುಸಿ. ಅತ್ತೆಗೆ ಮತ್ತೆ ಎಂಟು ತಿಂಗಳು, ತವರಿಗೆ ಬಂದಿದ್ದಾಳೆ. ಈ ಸಲ ಮೊದಲ ತಪಾಸಣೆಯಲ್ಲೇ ತಾನಾಗಿ, "ಹಿಂದಕ ನನಗ ಹಿಂಗಾಗಿತ್ರಿ, ಈ ಸಲ ಮೊದ್ಲಿಂದ ನೋಡ್ಕೊಳ್ರಿ" ಅಂದಳಂತೆ. ನಳಿಕೆ ಸಿಕ್ಕ ದಿನ ಅಜ್ಜಿ, "ಆ ಹುಡುಗೀನ ಒಂದ್ಸಲ ಕರಕೊಂಡು ಬರ್ರಿ" ಅಂತ ಹಟ ಹಿಡಿದಳು. ನಿನ್ನೆ ಅಪ್ಪನೂ ನಾನೂ ಕಂಪ್ಲಿಗೆ ಹೋದೆವು. ಮನೆ ಸಿಕ್ಕಿತು. ಅವರು ಹೋದ ವರ್ಷವೇ ತೀರಿಕೊಂಡಿದ್ದರು. ಜ್ವರ ಬಂದು, ಮೂರೇ ದಿನದಲ್ಲಿ.

ವಾಪಸ್ ಬರುವ ಬಸ್ಸಿನಲ್ಲಿ ನಾನು ಅತ್ತೆಗೆ ಹೇಳಲು ಏಳು ಸುಳ್ಳು ತಯಾರು ಮಾಡಿದೆ. ಅವರು ಊರಿಗೆ ಹೋಗಿದ್ದಾರೆ, ದುಬೈಗೆ ಹೋಗಿದ್ದಾರೆ, ಎಂಎಲ್ಎ ಆಗಿದ್ದಾರೆ. ಒಂದೂ ಬಾಯಿಗೆ ಬರಲಿಲ್ಲ. ಅತ್ತೆ ನನ್ನ ಮುಖ ನೋಡಿಯೇ ತಿಳಿದುಕೊಂಡಳು. ಅಡುಗೆಮನೆಯಲ್ಲಿ ಕೂತು ಜೋರಾಗಿ ಅತ್ತಳು. ಅಜ್ಜಿ ಅವಳ ಕೈ ಹಿಡಿದುಕೊಂಡಳು. "ಬ್ಯಾಡ ನನ್ನವ್ವಾ, ಮತ್ತ ಹಂಗ ಆದೀತು, ಅಳಬ್ಯಾಡ!"

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಅಳಾಕ ಬಿಡಬೇ. ಇದು ಆ ಅಳು ಅಲ್ಲ. ನನಗ ಗೊತ್ತಾಗತೈತಿ ಈಗ."

ಇನ್ನಷ್ಟು ಅತ್ತಳು. ಆಮೇಲೆ ತಟ್ಟೆ ಹಾಕಿಕೊಂಡು ಬಿಸಿ ರೊಟ್ಟಿ ಕೇಳಿದಳು.