ಕೈ ಕುಲುಕುವ ಸಾಲಿನಲ್ಲಿ ದೃಷ್ಟಿ ಬೊಂಬೆ

ಫುಟ್‌ಬಾಲ್ ಆಡಿದರೆ ಸಂಬಳ ಕೊಡುತ್ತಾರೆ ಎಂದು ನನ್ನ ತಮ್ಮನ ಮೊಮ್ಮಗ ಹೇಳಿದಾಗ ನಾನು ನಂಬಿರಲಿಲ್ಲ. ನಮ್ಮ ಕಾಲದಲ್ಲಿ ಚೆಂಡಿನ ಹಿಂದೆ ಓಡಿದವರಿಗೆ ಸಿಕ್ಕುತ್ತಿದ್ದುದು ಬೆನ್ನ ಮೇಲೆ ಬಾಸುಂಡೆ. ಆದರೆ ಇವನಿಗೆ ನಿಜವಾಗಿಯೂ ಸಂಬಳ ಬರುತ್ತಿತ್ತು. ಅಪಾರ್ಟ್‌ಮೆಂಟ್ ಕಟ್ಟುವ ಒಬ್ಬ ಬಿಲ್ಡರ್ ತನ್ನದೇ ಟೀಮು ಇಟ್ಟುಕೊಂಡಿದ್ದ. ಅದರಲ್ಲಿ ಇವನು ಕ್ಯಾಪ್ಟನ್. ಎದುರಾಳಿಗಳು ಗೋಲಿನ ಹತ್ತಿರ ಬಾರದ ಹಾಗೆ ತಡೆಯುವುದು ಇವನ ಕೆಲಸ.

ನನ್ನದು ಹೆಬ್ಬಗೋಡಿ. ರಾಗಿ ಬೆಳೆಯುತ್ತಿದ್ದ ಕಡೆ ಈಗ ಬಾಡಿಗೆ ಮನೆಗಳು. ಕೆಳಗೆ ನಾನು, ಮೇಲೆ ಬಾಡಿಗೆಯವರು. ಗಂಡ ತೀರಿಕೊಂಡು ಬಹಳ ಕಾಲವಾಯಿತು. ಮಕ್ಕಳಾಗಲಿಲ್ಲ. ಕೇಳಿದವರು ಅಯ್ಯೋ ಅನ್ನುತ್ತಾರೆ. ಅನ್ನುವಂಥದ್ದೇನೂ ಇಲ್ಲ, ಆಗಲಿಲ್ಲ ಅಷ್ಟೆ. ಆದರೆ ಮಾತಾಡಲು ಜನ ಇರಲಿಲ್ಲ ಎನ್ನುವುದು ನಿಜ. ಬಾಡಿಗೆಯವರು ಬೆಳಿಗ್ಗೆ ಕಂಪನಿ ಬಸ್ಸು ಹತ್ತಿದರೆ ಸಂಜೆ ಬಂದು ಬಾಗಿಲು ಹಾಕಿಕೊಳ್ಳುತ್ತಾರೆ. ಅವರ ಮಾತು ನನಗೆ ಬಾರದು, ನನ್ನ ಮಾತು ಅವರಿಗೆ ಬೇಡ. ನನ್ನನ್ನು ಹುಡುಕಿಕೊಂಡು ಬರುತ್ತಿದ್ದವನು ತಮ್ಮನ ಮೊಮ್ಮಗ ಒಬ್ಬನೇ. ಭಾನುವಾರ ಪ್ರಾಕ್ಟೀಸು ಮುಗಿಸಿ, ಬೆವರು ನಾರುತ್ತಾ ಬಂದು, ಅಡುಗೆಮನೆ ಹೊಸಿಲ ಹತ್ತಿರ ಕೂತು ಉಣ್ಣುತ್ತಿದ್ದ.

"ಅಜ್ಜಿ, ಇನ್ನೊಂದ್ ವರ್ಷ. ಟೀವೀಲಿ ಬತ್ತೀನಿ ನೋಡ್ತಿರು."

"ಬಾ. ಬರೋವಾಗ ಸ್ನಾನ ಮಾಡ್ಕೊಂಡು ಬಾ."

ಅಷ್ಟೇ ನಮ್ಮ ಮಾತು. ಅಷ್ಟರಲ್ಲೇ ನನಗೆ ವಾರ ಸಾಗುತ್ತಿತ್ತು.

ಇವನ ಟೀಮಿಗೆ ಬದ್ಧ ವೈರಿಯಾದ ಇನ್ನೊಂದು ಕ್ಲಬ್ಬು ಇತ್ತು. ಆ ಕ್ಲಬ್ಬಿನವರು ಬಂದು ನನ್ನ ಎರಡನೇ ಮಹಡಿಯ ಕೋಣೆಯನ್ನು ತಮ್ಮ ಆಟಗಾರನೊಬ್ಬನಿಗೆ ಬಾಡಿಗೆಗೆ ಹಿಡಿದರು. ಘಾನಾ ದೇಶದವನು. ನನ್ನ ಬಾಗಿಲಲ್ಲಿ ತಲೆ ತಗ್ಗಿಸಿ ಬರಬೇಕು, ಅಷ್ಟು ಎತ್ತರ. ಬೀದಿಯವರು ಸುಮ್ಮನಿರಲಿಲ್ಲ.

"ಅಕ್ಕ, ಅಂಥೋರ್ನ ಯಾಕೆ ಸೇರಿಸ್ಕೊಂಡ್ರಿ? ನಾಳೆ ತೊಂದ್ರೆ ಕಣ್ರೀ."

"ಬಾಡ್ಗೆ ಕೊಡ್ತಾನೆ, ಸೇರಿಸ್ಕೊಂಡೆ. ನೀನ್ ಕೊಡ್ತೀಯಾ?"

ಅವನೇನು ದೇವರಂಥವನಲ್ಲ. ಮೋಟರು ಹಾಕಿ ಮರೆತು ಟ್ಯಾಂಕು ತುಂಬಿ ಹರಿಯುವವರೆಗೂ ಹಾಡುತ್ತಾ ಕೂರುತ್ತಿದ್ದ. ಬೂಟು ತೊಳೆದ ಕೆಸರು ನೀರು ಮೇಲಿಂದ ನಾನು ಒಣಹಾಕಿದ ಹಪ್ಪಳದ ಮೇಲೆ ಸುರಿಯುತ್ತಿತ್ತು. ಬೈದರೆ ನಗುತ್ತಿದ್ದ. ಯಾರೋ "ಊಟ ಆಯ್ತಾ" ಎಂದು ಹೇಳಿಕೊಟ್ಟಿದ್ದರು, ಬೆಳಿಗ್ಗೆ ಆರು ಗಂಟೆಗೂ ಅದನ್ನೇ ಕೇಳುತ್ತಿದ್ದ. ಈ ಹೊತ್ತಿಗೆ ಯಾರ್ ಉಣ್ತಾರೋ ಎಂದು ಗದರಿದರೂ ಬಿಡಲಿಲ್ಲ.

ಎರಡು ಟೀಮುಗಳ ಆಟ ಎಲೆಕ್ಟ್ರಾನಿಕ್ ಸಿಟಿ ಹತ್ತಿರದ ಮೈದಾನದಲ್ಲಿ ನಡೆಯಿತು. ಮೊಮ್ಮಗ ಬೈಕಿನಲ್ಲಿ ಕರೆದುಕೊಂಡು ಹೋಗಿ, ಹಗ್ಗ ಕಟ್ಟಿದ ಕಡೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದ. ಅವನಿಗೆ ಅಂದು ತುಂಬಾ ಮುಖ್ಯವಾದ ದಿನ. ದೊಡ್ಡ ಕ್ಲಬ್ಬಿನಿಂದ ಒಬ್ಬರು ಆಟಗಾರರನ್ನು ಆರಿಸಲು ಬಂದಿದ್ದರು.

ಆಟಕ್ಕೆ ಮುಂಚೆ ಬಿಲ್ಡರ್ ಕಡೆಯವರು ತಮ್ಮ ಗೋಲಿನ ಮುಂದೆ ಬೂದುಗುಂಬಳಕಾಯಿ ಒಡೆದರು. ಗೋಲಿನ ಹಿಂದಿನ ಬಲೆಗೆ ಒಂದು ದೃಷ್ಟಿ ಬೊಂಬೆ ಕಟ್ಟಿದರು. ಕಟ್ಟಡ ಕಟ್ಟುವ ಕಡೆಯಲ್ಲೆಲ್ಲ ಇದು ಇರುತ್ತದೆ. ಕರಿಮಸಿಯಂಥ ಮುಖ, ಹೊರಚಾಚಿದ ಕೆಂಪು ನಾಲಿಗೆ, ಕೋರೆ ಹಲ್ಲು, ಗುಡ್ಡೆ ಕಣ್ಣು. ಕೆಟ್ಟ ಕಣ್ಣು ಕಟ್ಟಡಕ್ಕೆ ಬೀಳದೆ ಇದಕ್ಕೆ ಬೀಳಲಿ ಎಂದು ಕಟ್ಟುವುದು. ನನ್ನ ಮನೆಯ ಮುಂದೂ ಒಂದು ಇದೆ. ಕಟ್ಟಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಆಟ ನನಗೆ ಅರ್ಥವಾಗದಿದ್ದರೂ ಯಾರು ಯಾರನ್ನು ದಾಟಿ ಹೋದರು ಎಂಬುದು ಕಾಣುತ್ತದಲ್ಲ. ನನ್ನ ಬಾಡಿಗೆಯವನು ನನ್ನ ಮೊಮ್ಮಗನನ್ನು ದಾಟಿ ಹೋದ. ಇವನು ಜಾರಿ ಕುಂಡಿ ಮೇಲೆ ಬಿದ್ದ, ಅವನು ಗೋಲು ಹೊಡೆದ. ಜನ ನಕ್ಕರು. ಹೊಡೆದವನು ಸುಮ್ಮನೆ ಹಿಂದಿರುಗಬಹುದಿತ್ತು. ಬಿದ್ದವನ ಎದುರು ನಿಂತು, ಕಿವಿಗೆ ಕೈ ಹಿಡಿದು, ಏನೂ ಕೇಳಿಸುತ್ತಿಲ್ಲ ಎನ್ನುವ ಹಾಗೆ ಸೊಂಟ ಕುಣಿಸಿದ. ಅದು ನನಗೆ ಹಿಡಿಸಲಿಲ್ಲ. ಗೆದ್ದ ಮೇಲೆ ಬಿದ್ದವನನ್ನು ಎಬ್ಬಿಸಬೇಕು.

ಆ ಒಂದೇ ಗೋಲಿನಲ್ಲಿ ಆಟ ಮುಗಿಯಿತು. ಮುಗಿದ ಮೇಲೆ ಎರಡೂ ಕಡೆಯವರು ಸಾಲಾಗಿ ನಡೆದು ಒಬ್ಬರಿಗೊಬ್ಬರು ಕೈ ಕುಲುಕಬೇಕು. ಸೋತವರೂ ಕುಲುಕಬೇಕು, ಅದು ಅವರ ಆಟದ ಮರ್ಯಾದೆ. ನನ್ನ ಮೊಮ್ಮಗ ಸಾಲಿಗೆ ಬರಲಿಲ್ಲ. ಗೋಲಿನ ಹಿಂದೆ ಹೋಗಿ ಬೊಂಬೆ ಬಿಚ್ಚಿಕೊಂಡು ಬಂದ. ಸಾಲಿನ ಕೊನೆ ನನ್ನ ಕುರ್ಚಿಯ ಪಕ್ಕದಲ್ಲೇ ಇತ್ತು. ಘಾನಾದವನು ಕೈ ನೀಡಿದ. ಇವನು ತನ್ನ ಕೈ ಕೊಡದೆ ಬೊಂಬೆಯನ್ನು ಅವನ ಮುಖದ ಹತ್ತಿರ ಹಿಡಿದ.

"ತಗೊ ಗುರು, ನಿಮ್ಮಣ್ಣ. ಒಂದೇ ಬಣ್ಣ ನೋಡು. ಇವ್ನಿಗ್ ಕೊಡು ಕೈ."

"ಮಚ್ಚಾ, ಇಬ್ರುದೂ ಒಂದ್ ಫೋಟೋ ತೆಗಿ!" ಎಂದು ಹಿಂದಿನಿಂದ ಒಬ್ಬ ಕೂಗಿದ. ಇನ್ನೊಬ್ಬ ಕೋತಿಯ ಹಾಗೆ ಗುರುಗುಟ್ಟಿದ. ಎಲ್ಲರೂ ನಕ್ಕರು.

ಘಾನಾದವನಿಗೆ ಕನ್ನಡ ಬೇಕಾಗಲಿಲ್ಲ. ಬೊಂಬೆಯ ಮುಖ ನೋಡಿದ, ನಗುವವರನ್ನು ನೋಡಿದ. ಎರಡೂ ಕೈಯಿಂದ ನನ್ನ ಮೊಮ್ಮಗನ ಎದೆಗೆ ತಳ್ಳಿದ. ಇವನು ಮಾರು ದೂರ ಹೋಗಿ ಬಿದ್ದ. ಆಗ ರೆಫರಿ ತಿರುಗಿದ. ತಿರುಗಿದವನಿಗೆ ಕಂಡಿದ್ದು ತಳ್ಳಿದ್ದು ಮಾತ್ರ. ಮೊಬೈಲುಗಳಿಗೂ ಅಷ್ಟೇ ಸಿಕ್ಕಿತು. ರೆಫರಿ ಘಾನಾದವನಿಗೆ ಕೆಂಪು ಚೀಟಿ ತೋರಿಸಿದ.

ಮಾರನೆಯ ದಿನ ಘಾನಾದವನ ಕ್ಲಬ್ಬಿನ ಮ್ಯಾನೇಜರು ನನ್ನ ಜಗಲಿಗೆ ಬಂದು ವಿಷಯ ಬಿಡಿಸಿ ಹೇಳಿದ. ಕಮಿಟಿಯವರು ವಿಚಾರಣೆ ಮಾಡುತ್ತಾರೆ. ಕಾರಣವಿಲ್ಲದೆ ಹೊಡೆದ ಎಂದು ತೀರ್ಮಾನವಾದರೆ ಇಡೀ ವರ್ಷ ಆಡುವ ಹಾಗಿಲ್ಲ. ಆಡದವನನ್ನು ಕ್ಲಬ್ಬು ಇಟ್ಟುಕೊಳ್ಳುವುದಿಲ್ಲ, ಕ್ಲಬ್ಬು ಬಿಟ್ಟರೆ ವೀಸಾ ಇಲ್ಲ. "ಊರಿಗೆ ವಾಪಸ್ ಕಳಿಸ್ಬೇಕಾಗುತ್ತೆ ಅಮ್ಮ. ರೂಮು ಖಾಲಿ ಮಾಡಿದ್ರೂ ಮಾಡ್ಬೋದು, ಅದಕ್ಕೇ ಮುಂಚೆ ಹೇಳ್ತಿದೀನಿ."

ಭಾನುವಾರ ಮೊಮ್ಮಗ ಬಂದ. ಉಂಡು ಕೈ ತೊಳೆದ ಮೇಲೆ ಶುರು ಮಾಡಿದ.

"ಅಜ್ಜಿ, ಕಮಿಟಿಗೆ ನಾನು ಬರ್ಕೊಟ್ಟಿದೀನಿ. ನಮ್ ಕಡೆ ಎದುರಾಳಿ ಚೆನ್ನಾಗಿ ಆಡಿದ್ರೆ, ಅವನಿಗೆ ದೃಷ್ಟಿ ಆಗ್ದೆ ಇರ್ಲಿ ಅಂತ ಬೊಂಬೆ ಕೊಟ್ಟು ಗೌರವ ಮಾಡ್ತೀವಿ ಅಂತ. ಪದ್ಧತಿ ಅಂತ."

"ಅದ್ಯಾವೂರ ಪದ್ಧತಿಲಾ?"

"ನಮ್ದೇ. ಇವತ್ತಿಂದ." ಅವನು ನಕ್ಕ. ನಾನು ನಗಲಿಲ್ಲ. "ಕಮಿಟಿಯೋರು ಬೇರೆ ಬೇರೆ ಕಡೆಯೋರು, ಅವ್ರಿಗೆ ಗೊತ್ತಾಗಲ್ಲ. ಊರಿನ ಹಿರೀಕರು ಯಾರಾದ್ರೂ ಬಂದು ಹೇಳ್ಲಿ ಅಂದ್ರು. ನಿನ್ ಹೆಸ್ರು ಕೊಟ್ಟಿದೀನಿ. ನೀನು ಆಟಾನೂ ನೋಡಿದ್ದೆ, ಅವನ ಮನೆ ಓನರ್ರೂ ನೀನೇ. ನೀನು ಸುಳ್ಳು ಹೇಳಲ್ಲ ಅಂತ ಎಲ್ರಿಗೂ ಗೊತ್ತು. ಅದಕ್ಕೇ ನೀನ್ ಹೇಳಿದ್ರೆ ನಂಬ್ತಾರೆ."

"ನಾನೇ ಪಕ್ಕದಾಗ್ ಕೂತಿದ್ನಲ್ಲೋ. ನೀನು ಅಂದಿದ್ದು ಕೇಳಿಸ್ತು."

"ಆಟದಲ್ಲಿ ಅಂತಾರೆ ಅಜ್ಜಿ. ಅವ್ನು ನನ್ನ ಅಷ್ಟ್ ಜನದ ಮುಂದೆ ಕುಣಿದು ಆಡ್ಕೊಳ್ಲಿಲ್ವಾ? ಕ್ಯಾಪ್ಟನ್ಸಿ ಹೋಗುತ್ತೆ ಕಣೆ. ಆ ದೊಡ್ ಕ್ಲಬ್ಬೂ ಹೋಗುತ್ತೆ."

ಹೇಳುತ್ತೇನೆ ಎಂದು ನಾನು ಅನ್ನಲಿಲ್ಲ. ಹೇಳುವುದಿಲ್ಲ ಎಂದೂ ಅನ್ನಲಿಲ್ಲ. ಒಪ್ಪಿದೆ ಎಂದುಕೊಂಡು ಅವನು ಹೋದ.

ಮೇಲಿನವನಾದರೂ ಬಂದು ಏನಾದರೂ ಕೇಳುತ್ತಾನೇನೋ ಎಂದು ಕಾದೆ. ಕೇಳಿದ್ದರೆ ಸಿಟ್ಟು ಮಾಡಿ ಅತ್ತ ಕಳಿಸಬಹುದಿತ್ತು. ಅವನು ಕೇಳಲಿಲ್ಲ. ಮೆಟ್ಟಿಲಲ್ಲಿ ಎದುರಾದರೆ ಗೋಡೆಗೆ ಸರಿದು ದಾರಿ ಬಿಡುತ್ತಿದ್ದ. ಊಟದ ವಿಚಾರವನ್ನೂ ಕೇಳಲಿಲ್ಲ. ಹಾಡು ನಿಂತಿತ್ತು, ಮೋಟರನ್ನು ಹೊತ್ತಿಗೆ ಸರಿಯಾಗಿ ಆರಿಸುತ್ತಿದ್ದ. ಆ ಮನೆಯಲ್ಲಿ ಜನ ಇದ್ದಾರೋ ಇಲ್ಲವೋ ತಿಳಿಯದ ಹಾಗಾಯಿತು.

ನನಗೇನು ಹೋಗುತ್ತದೆ ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ನಿಜ ಹೇಳಿದರೆ ಮೊಮ್ಮಗ ಮತ್ತೆ ಬರುವುದಿಲ್ಲ. ಅವನು ಬಾರದಿದ್ದರೆ ಇನ್ಯಾರೂ ಇಲ್ಲ. ಇದರಲ್ಲಿ ಯೋಚಿಸಲು ಹೆಚ್ಚೇನಿರಲಿಲ್ಲ, ಆದರೂ ಕೊತ್ತಂಬರಿ ಬಿಡಿಸುವಾಗ, ನೀರು ಹಿಡಿಯುವಾಗ ಅದೇ ತಲೆಯಲ್ಲಿ ತಿರುಗುತ್ತಿತ್ತು.

ವಿಚಾರಣೆ ಮಾರತ್ತಹಳ್ಳಿಯ ಒಂದು ಆಫೀಸಿನಲ್ಲಿ. ಮೊಮ್ಮಗನೇ ಬೈಕಿನಲ್ಲಿ ಕೂರಿಸಿಕೊಂಡು ಹೋದ. ದಾರಿಯುದ್ದಕ್ಕೂ ಟ್ರಾಫಿಕ್ಕಿನಲ್ಲಿ ನಿಂತಾಗಲೆಲ್ಲ ತಿರುಗಿ, "ಪದ್ಧತಿ ಅನ್ಬೇಕು, ಅಷ್ಟೇ" ಎನ್ನುತ್ತಿದ್ದ. ಒಳಗೆ ಎಸಿ ಹಾಕಿ ಚಳಿ ಮಾಡಿದ್ದರು. ಮೇಜಿನ ಆಚೆ ಕಮಿಟಿಯವರು. ಒಂದು ಗೋಡೆಗೆ ಮೊಮ್ಮಗ, ಎದುರು ಗೋಡೆಗೆ ಘಾನಾದವನು ಮತ್ತು ಅವನ ಮ್ಯಾನೇಜರು. ಕಮಿಟಿಯಲ್ಲಿ ಕನ್ನಡ ಬಲ್ಲವರು ಒಬ್ಬರೇ, ಹುಬ್ಬಳ್ಳಿ ಕಡೆಯವರು.

"ಅಮ್ಮಾರ, ಹಿಂಗ ಎದುರಿನವ್ರಿಗೆ ಗೊಂಬಿ ಕೊಡೂದು ನಿಮ್ಮ ಕಡೆ ಪದ್ಧತಿ ಐತೇನ್ರಿ?"

"ನೇತಾಕೋದು ಪದ್ಧತಿ ಸಾಮಿ. ಕೊಡೋದು ಅಲ್ಲ."

"ಮರ್ಯಾದಿ ಮಾಡಾಕ ಕೊಡ್ತೀವಿ ಅಂತ ಬರದಾರಲ್ರಿ."

"ಮರ್ಯಾದೆಗೆ ಎಲೆಅಡಿಕೆ ಕೊಡ್ತೀವಿ, ತೆಂಗಿನ್‌ಕಾಯಿ ಕೊಡ್ತೀವಿ. ಅದು ಕಂಡೋರ ಕೆಟ್ಟ ಕಣ್ಣೆಲ್ಲ ಬೀಳೋ ವಸ್ತು. ನಮ್ ಮನೆಗ್ ಕಟ್ಟಿದ್ದನ್ನ ಬಿಚ್ಚಿ ನೆಂಟರ ಕೈಗ್ ಕೊಡ್ತೀವಾ?"

"ಕೊಡೋವಾಗ ಏನಂದ್ರು, ನೀವು ಕೇಳೀರಿ?"

ನಾನು ಮೊಮ್ಮಗನ ಕಡೆ ನೋಡಿದೆ. ಅವನು ನನ್ನನ್ನೇ ನೋಡುತ್ತಿದ್ದ. ಬೇಡ ಎಂದು ತಲೆಯಾಡಿಸಿದ, ಸ್ವಲ್ಪವೇ.

"ಬೊಂಬೆ ತೋರಿಸಿ ನಿಮ್ಮಣ್ಣ ಅಂದ. ಒಂದೇ ಬಣ್ಣ ಅಂದ. ಕೋತಿ ಥರ ಕೂಗಿದ್ರು, ಎಲ್ಲಾ ನಕ್ರು. ಆಮೇಲೆ ಇವ್ನು ತಳ್ಳಿದ." ಅವರು ಬರೆದುಕೊಳ್ಳುತ್ತಿದ್ದರು. ಮುಗಿಯಿತು ಎಂದು ತಲೆಯೆತ್ತಿದಾಗ ನಾನೇ ಸೇರಿಸಿದೆ: "ಇವ್ನೂ ಅದಕ್ ಮುಂಚೆ ಬಿದ್ದೋನ ಮುಂದೆ ಕುಣಿದ. ಅದ್ನೂ ಬರ್ಕೊಳ್ಳಿ."

ನಾನು ಹೊರಗೆ ಬರುವಷ್ಟರಲ್ಲಿ ಮೊಮ್ಮಗನ ಬೈಕು ಇರಲಿಲ್ಲ. ನನ್ನ ಚೀಲ ಅದರಲ್ಲೇ ಇತ್ತು. ಕ್ಲಬ್ಬಿನ ಮ್ಯಾನೇಜರು ಕಾರಿನ ಬಾಗಿಲು ತೆಗೆದು, "ಬನ್ನಿ ಅಮ್ಮ, ಒಂದೇ ದಾರಿ ಅಲ್ವಾ" ಎಂದ. ಅವರ ಕಾರು ಹತ್ತಿದರೆ ನಾನು ಆಡಿದ ಮಾತು ಅವರ ಮಾತಾಗುತ್ತಿತ್ತು. ಬರಲ್ಲ ಎಂದೆ. ಘಾನಾದವನು "ಅಜ್ಜಿ" ಎಂದ. ಮುಂದಕ್ಕೆ ಅವನ ಬಳಿ ಕನ್ನಡ ಇರಲಿಲ್ಲ.

ಬಸ್ಸಿನಲ್ಲಿ ಕಂಡಕ್ಟರು, "ಆಧಾರ್ ತೋರ್ಸಜ್ಜಿ, ಫ್ರೀ ಟಿಕೆಟ್ ಕೊಡ್ತೀನಿ" ಎಂದ.

"ಇಲ್ಲಪ್ಪ. ಚೀಲ ಬೇರೆ ಕಡೆ ಹೋಯ್ತು."

"ಹಂಗಾದ್ರೆ ದುಡ್ಡು ಕೊಡಿ."

"ಅದೂ ಚೀಲದಾಗೇ ಐತೆ."

ಕಿವಿಗೆ ವೈರು ಹಾಕಿಕೊಂಡಿದ್ದ ಒಬ್ಬಳು ಪಿಜಿ ಹುಡುಗಿ, ನನ್ನ ಮುಖವನ್ನೂ ನೋಡದೆ, ಅವನ ಮೊಬೈಲಿಗೆ ತನ್ನ ಮೊಬೈಲು ತೋರಿಸಿ ಟಿಕೆಟ್ಟು ಕೊಡಿಸಿದಳು. ಸಿಲ್ಕ್ ಬೋರ್ಡಿನಲ್ಲಿ ಬಸ್ಸು ಬಹಳ ಹೊತ್ತು ನಿಂತೇ ಇತ್ತು. ಸುತ್ತ ಅಷ್ಟು ಜನ, ಅಷ್ಟು ಗಾಡಿ.

ಮರುದಿನ ಚೀಲ ಗೇಟಿಗೆ ನೇತುಹಾಕಿತ್ತು. ಒಳಗಿದ್ದುದು ಎಲ್ಲಾ ಸರಿಯಾಗಿತ್ತು. ಗೇಟಿನ ತನಕ ಬಂದವನು ಒಳಗೆ ಬಂದಿರಲಿಲ್ಲ.

ಕಮಿಟಿಯವರು ಘಾನಾದವನಿಗೆ ಕೆಲವೇ ಆಟಗಳ ಶಿಕ್ಷೆ ಕೊಟ್ಟು ಉಳಿಸಿದರು. ನನ್ನ ಮೊಮ್ಮಗನಿಗೆ ಅದಕ್ಕಿಂತ ಜಾಸ್ತಿ. ಕ್ಯಾಪ್ಟನ್‌ಗಿರಿ ಹೋಯಿತು. ದೊಡ್ಡ ಕ್ಲಬ್ಬಿನವರು ಮತ್ತೆ ಫೋನು ಮಾಡಲಿಲ್ಲವಂತೆ. ಅವನ ತಾಯಿ ರೇಷನ್ ಅಂಗಡಿ ಮುಂದೆ ಎಲ್ಲರೆದುರು ಕೇಳಿದಳು:

"ಒಂದ್ ಮಾತು ಅಂದಿದ್ರೆ ನಿನ್ ನಾಲ್ಗೆ ಸವೀತಿತ್ತಾ? ಯಾವನೋ ಕರಿಯಂಗೋಸ್ಕರ ನಮ್ ಹುಡುಗನ್ನ ಹಾಳ್ ಮಾಡ್ದೆ."

"ನಡೆದಿದ್ದು ಹೇಳ್ದೆ ಕಣಮ್ಮ."

"ನಿಂಗ್ ಮಕ್ಕಳಿದ್ದಿದ್ರೆ ಗೊತ್ತಾಗ್ತಿತ್ತು."

ಅಕ್ಕಿ ತೆಗೆದುಕೊಂಡು ಬಂದೆ.

ಮೇಲಿನವನು ನನಗೆ ಮೊಮ್ಮಗನ ಜಾಗಕ್ಕೆ ಬಂದ ಎಂದು ಓದುವವರು ಅಂದುಕೊಳ್ಳಬಹುದು. ಹಾಗೇನೂ ಆಗಲಿಲ್ಲ. ಅವನಿಗೆ ಅವನ ತಾಯಿ ಇದ್ದಾಳೆ, ದಿನಾ ಫೋನಿನಲ್ಲಿ ಅವಳ ಜೊತೆ ಮಾತಾಡುತ್ತಾನೆ. ನಾನು ಬಾಡಿಗೆ ಕೇಳುವವಳು. ಒಮ್ಮೆ ಒಂದು ಡಜನ್ ಬಾಳೆಹಣ್ಣು ತಂದು ಬಾಗಿಲಲ್ಲಿ ಇಟ್ಟ. ತಿಂದೆ.

ವರ್ಷದ ಕೊನೆಯಲ್ಲಿ ಅದೇ ಎರಡು ಟೀಮುಗಳು ಅದೇ ಮೈದಾನದಲ್ಲಿ ಮತ್ತೆ ಆಡಿದವು. ಕರೆಯಲು ಯಾರೂ ಬರಲಿಲ್ಲ, ನಾನೇ ಆಟೋ ಹಿಡಿದು ಹೋದೆ. ಈ ಸಲ ಕುರ್ಚಿ ಇರಲಿಲ್ಲ, ಹಗ್ಗ ಹಿಡಿದು ನಿಂತೆ. ಆಟಕ್ಕೆ ಮುಂಚೆಯೂ ಕೈ ಕುಲುಕುತ್ತಾರೆ. ನನ್ನ ಮೊಮ್ಮಗ ಸಾಲಿನ ನಡುವೆ ಎಲ್ಲೋ ಇದ್ದ. ಘಾನಾದವನ ಎದುರು ಬಂದಾಗ ಕೈ ಕೊಟ್ಟ. ಬರಿಗೈ. ಮುಖ ನೋಡಲಿಲ್ಲ, ಕೈ ಮಾತ್ರ ಕೊಟ್ಟ. ಅವನೂ ಹಿಡಿದು ಬಿಟ್ಟ.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಚೆಂಡು ಹೊರಗೆ ಬಂದು ನನ್ನ ಕಾಲ ಹತ್ತಿರ ನಿಂತಿತು. ಎತ್ತಿಕೊಳ್ಳಲು ಬಂದವನು ಮೊಮ್ಮಗನೇ. ಸೊರಗಿದ್ದ. ಗಡ್ಡ ಬಿಟ್ಟಿದ್ದ.

"ಚೆನ್ನಾಗಿದೀಯೇನೋ?" ಎಂದೆ.

ಅವನು ಬಗ್ಗಿ ಚೆಂಡು ಎತ್ತಿಕೊಂಡ. ಬೆನ್ನು ತಿರುಗಿಸಿ, ಎರಡೂ ಕೈ ತಲೆಯ ಮೇಲೆ ಎತ್ತಿ, ಮೈದಾನದ ಒಳಕ್ಕೆ ಎಸೆದು ಓಡಿದ.