ಪೂವಕ್ಕನ ಹಾಳೆ ವಿಮಾನ ಹತ್ತಿದ್ದು

ಬೆಳ್ತಂಗಡಿ ಪೇಟೆಯಲ್ಲಿ ಒಳ್ಳೆಯ ದುಂಡುತಲೆಯವರು ಯಾರಾದರೂ ಎದುರಾದರೆ, ಆ ದುಂಡು ಲಾಯಿಲದ ಪೂವಮ್ಮನ ಅಂಗೈಯಿಂದ ಬಂದದ್ದು ಎಂದು ಧೈರ್ಯವಾಗಿ ಹೇಳಬಹುದಿತ್ತು. ಊರಿಗೆಲ್ಲ ಪೂವಕ್ಕನಾದ ಈ ಹೆಂಗಸು ಬಾಣಂತಿಯರನ್ನೂ ಎಳೆಮಕ್ಕಳನ್ನೂ ಮೀಯಿಸುವವಳು. ಇಪ್ಪತ್ತೆಂಟರ ಪ್ರಾಯದಲ್ಲಿ ಗಂಡ ತೀರಿಹೋದ ಮೇಲೆ ಹಿಡಿದ ಕೆಲಸ. ಈಗ ಐವತ್ತೈದಾದರೂ ಅಂಗೈ ಮಾತ್ರ ಬೆಣ್ಣೆ. ಅಡಿಕೆಮರದಿಂದ ಕಳಚಿ ಬಿದ್ದ ಅಗಲವಾದ ಹಾಳೆಯನ್ನು ನೀರಿನಲ್ಲಿ ನೆನೆಸಿ, ದೋಣಿಯಂತೆ ಬಾಗಿಸಿ, ಅದರಲ್ಲಿ ಮಗುವನ್ನು ಮಲಗಿಸಿ ಎಣ್ಣೆ ತಿಕ್ಕುತ್ತ ಅವಳು ಮಾತಿಗೆ ತೊಡಗಿದರೆ, ಅಳುವ ಮಗುವೂ ಕಿವಿಗೊಡುತ್ತಿತ್ತು. “ಅಪ್ಪನ ಮೂಗು ನಮಗೆ ಬೇಡ, ಅದು ಬದನೆಕಾಯಿ. ಅಜ್ಜಿಯ ಮೂಗು ಸಾಕು” ಎಂದು ಎರಡು ಬೆರಳಲ್ಲಿ ಮೆಲ್ಲನೆ ನೀವುವಳು. ಅಪ್ಪನಾದವನು ಜಗಲಿಯಲ್ಲಿ ಕೂತು ತನ್ನ ಮೂಗನ್ನು ಮುಟ್ಟಿ ನೋಡಿಕೊಳ್ಳಬೇಕು.

ಅವಳದ್ದೊಂದು ಕಟ್ಟುಪಾಡು ಇತ್ತು. ಎಣ್ಣೆ, ಮದ್ದಿನ ಬೇರು, ಹಾಳೆ ಎಲ್ಲ ಸೇರಿಸಿ ಕಟ್ಟಿದ ಗಂಟು ಒಮ್ಮೆ ತನ್ನ ಮನೆಯ ಹೊಸ್ತಿಲು ದಾಟಿತೆಂದರೆ ತಿರುಗಿ ಒಳಗೆ ಬರಬಾರದು. ಯಾವ ಬಾಣಂತಿಗೆಂದು ಕಟ್ಟಿದ್ದೋ ಅವಳ ಬಳಿಯಲ್ಲಲ್ಲದೆ ಬೇರೆಲ್ಲೂ ಅದನ್ನು ಬಿಚ್ಚಲೂ ಬಾರದು. ಇದನ್ನು ಯಾರು ಕಲಿಸಿದ್ದು ಎಂದರೆ, “ನನ್ನ ಅತ್ತೆ. ಅತ್ತೆಗೆ ಅವರ ಅತ್ತೆ. ಅದಕ್ಕಿಂತ ಮೇಲಿನವರನ್ನು ಕೇಳ್ಲಿಕ್ಕೆ ಈಗ ಜನ ಇಲ್ಲ” ಎನ್ನುವಳು.

ಅರುವತ್ತೊಂದನೇ ಇಸವಿಯ ಜನವರಿಯಲ್ಲಿ ಅವಳು ಕಟ್ಟಿದ ಗಂಟು ಬೊಂಬಾಯಿಗೆ ಹೋಗಬೇಕಾಗಿತ್ತು. ಬಂಟ್ವಾಳದ ನೀಲಾವತಿಯ ಮಗಳು ಕುಸುಮ ಅಲ್ಲಿ ಚೊಚ್ಚಲ ಬಸುರಿ. ಗಂಡ ಸುಧಾಕರನದ್ದು ಅಲ್ಲೊಂದು ಸಣ್ಣ ಹೋಟೆಲು. ಹೆರಿಗೆಗೆ ತವರಿಗೆ ಕರೆತರುವ ಎಂದರೆ, ಪ್ರಯಾಣ ಕೂಡದು ಎಂದು ಡಾಕ್ಟರು ಹೇಳಿದ್ದರು. ತವರಿನಿಂದ ಹೋಗಲಿಕ್ಕೆ ತಾಯಿಯೂ ಇಲ್ಲ. ನೀಲಾವತಿ ತೀರಿಹೋಗಿ ಹತ್ತು ವರ್ಷ. ಹೋಗುವ ಮೊದಲು ಆಕೆ ಪೂವಕ್ಕನ ಕೈ ಹಿಡಿದು ಒಂದೇ ಮಾತು ಹೇಳಿದ್ದಳು: “ಕುಸುಮನ ತಲೆಗೆ ಮೊದಲ ನೀರು ಹೊಯ್ದದ್ದು ನೀವು. ಅವಳ ಮಗುವಿಗೂ ನೀವೇ ಹೊಯ್ಯಬೇಕು.” ಪೂವಕ್ಕ “ಹೂಂ” ಎಂದಿದ್ದಳು. ಆ ಒಂದು “ಹೂಂ” ಹತ್ತು ವರ್ಷ ಅವಳ ಸೆರಗಿನ ತುದಿಯಲ್ಲೇ ಇತ್ತು.

ಸುಧಾಕರ ವಿಮಾನದ ಟಿಕೇಟನ್ನೇ ಕಳುಹಿಸಿದ. ಬುಧವಾರ ಹೊರಟರೂ ಹೆರಿಗೆಗೆ ಇನ್ನೂ ಹತ್ತು ದಿನ ಉಂಟು, ಧಾರಾಳ ಸಮಯ ಎಂದು ಕಾಗದ. ಅವಳನ್ನು ಬಜಪೆಗೆ ಮುಟ್ಟಿಸುವ ಕೆಲಸ ಕುಸುಮನ ಸೋದರಮಾವ ಚಿನ್ನಯ್ಯನದ್ದು. ಚಿನ್ನಯ್ಯ ಬಿ.ಸಿ.ರೋಡಿನಲ್ಲಿ ಬಸ್ಸಿನ ಏಜೆಂಟ. “ಬೆಳ್ತಂಗಡಿ, ಬೆಳ್ತಂಗಡಿ, ಕಕ್ಕಿಂಜೆ!” ಎಂದು ಅವನು ಕೂಗಿದರೆ ಹೊಳೆಯಾಚೆಯವರೂ ಚೀಲ ಹಿಡಿದು ಹೊರಡುವರು ಎಂದು ಜನ ತಮಾಷೆ ಮಾಡುತ್ತಿದ್ದರು.

ಬುಧವಾರ ಬೆಳಿಗ್ಗೆ ಬಜಪೆಯ ಏರೋಡ್ರೋಮಿನಲ್ಲಿ ಮೊದಲು ಗಂಟನ್ನು ತೂಗಿದರು. ಆಮೇಲೆ ಪೂವಕ್ಕನನ್ನೇ ತಕ್ಕಡಿಯ ಮೇಲೆ ನಿಲ್ಲಿಸಿದರು.

“ನನ್ನನ್ನು ಯಾಕೆ ತೂಗುದು ಚಿನ್ನಯ್ಯಣ್ಣ? ನಾನೇನು ಅಡಿಕೆಯಾ?”

“ಸುಮ್ಮನೆ ನಿಲ್ಲಿ ಪೂವಕ್ಕ. ಹಾರುವ ವಸ್ತುವಿಗೆ ಭಾರದ ಲೆಕ್ಕ ಬೇಕಂತೆ.”

ತೂಗಿದ್ದಷ್ಟೇ ಬಂತು. ಹತ್ತು ಗಂಟೆಗೆ ಬರಬೇಕಾದ ವಿಮಾನ ಹನ್ನೆರಡಾದರೂ ಬರಲಿಲ್ಲ. ಆಕಾಶದಲ್ಲಿ ಹೆಸರಿಗೂ ಒಂದು ಮೋಡವಿಲ್ಲ. ಮೇಜಿನ ಹಿಂದೆ ಕಪ್ಪು ಟೈ ಕಟ್ಟಿದ ಒಬ್ಬ ಗುಮಾಸ್ತ ಕೂತಿದ್ದ. ಸರಕಾರದ ವಿಮಾನ ಕಂಪೆನಿಯ ಮನುಷ್ಯ. ತಲೆ ಎತ್ತದೆ ಮಾತಾಡುವ ಅಭ್ಯಾಸ.

“ವಿಮಾನದ ಬಗ್ಗೆ ನಮಗೆ ಮಾಹಿತಿ ಬಂದಿಲ್ಲ” ಎಂದ.

“ಯಾವಾಗ ಬರ್ತದೆ?” ಚಿನ್ನಯ್ಯ ಕೇಳಿದ.

“ವಿಮಾನವೋ, ಮಾಹಿತಿಯೋ?”

“ಯಾವುದು ಮೊದಲು ಬರ್ತದೋ ಅದು, ಮಾರಾಯ್ರೆ.”

ಗುಮಾಸ್ತ ಪೆನ್ನಿಗೆ ಶಾಯಿ ತುಂಬಿದ. ಎರಡು ಗಂಟೆಗೆ ಮೇಜಿನ ಕಾಗದಗಳನ್ನು ಕಟ್ಟಿಟ್ಟು, “ಇವತ್ತು ಇಲ್ಲ. ನಾಳೆ ಬನ್ನಿ” ಎಂದು ಎದ್ದುಹೋದ. ಕಾದವರಿಗೆ ಒಂದು ಲೋಟ ನೀರು ಬೇಕೇ ಎಂದು ಕೇಳಿದವರಿಲ್ಲ. ಚಿನ್ನಯ್ಯನಿಗೆ ಸಿಟ್ಟಿಗಿಂತ ಹೆಚ್ಚು ಆಶ್ಚರ್ಯ. “ನಮ್ಮ ಬಸ್ಸು ದಾರಿಯಲ್ಲಿ ಕೆಟ್ಟರೆ ನಾವು ಹಿಂದಿನ ಬಸ್ಸಿಗೆ ಕೈ ಅಡ್ಡ ಹಿಡಿದು ಜನ ಹತ್ತಿಸ್ತೇವೆ. ಮುದುಕರಿದ್ದರೆ ಎಳನೀರಿನ ಬೊಂಡ ಕೆತ್ತಿಸಿ ಕೊಡ್ತೇವೆ. ಇವರಿಗೆ ಇಷ್ಟು ದೊಡ್ಡ ಯಂತ್ರ ಉಂಟು, ಒಂದು ಮಾತಿಗೆ ಬಡತನವಾ?”

ಲಾಯಿಲಕ್ಕೆ ಹಿಂದಿರುಗುವ ಎಂದರೆ ಪೂವಕ್ಕ ಕಾಲು ಕೀಳಲಿಲ್ಲ. ಗಂಟು ಹೊಸ್ತಿಲು ದಾಟಿ ಆಗಿದೆ. ಮೂಡುಬಿದಿರೆಯಲ್ಲಿ ರಾಜೀವಿ ಎಂಬವಳ ಮನೆ ಇತ್ತು. ಅವಳ ಮೂರೂ ಮಕ್ಕಳನ್ನು ಮೀಯಿಸಿದ್ದು ಪೂವಕ್ಕನೇ. ಬಸ್ಸು ಹತ್ತಿ ಅಲ್ಲಿಗೆ ಹೋಗಿ, ಗಂಟನ್ನು ಬಿಚ್ಚದೆ ಚಾವಡಿಯ ಗೂಟಕ್ಕೆ ನೇತುಹಾಕಿ ಮಲಗಿದಳು.

ಗುರುವಾರ ಎಂಟು ಗಂಟೆಗೇ ಅವಳು ಬಜಪೆಯಲ್ಲಿದ್ದಳು. ಚಿನ್ನಯ್ಯನೂ ಬಂದ. ಗುಮಾಸ್ತ ಟಿಕೇಟನ್ನು ತಿರುವಿ ನೋಡಿ, “ಇದು ನಿನ್ನೆಯದು” ಎಂದ.

“ನಿನ್ನೆ ವಿಮಾನವೇ ಬರಲಿಲ್ಲವಲ್ಲ?”

“ಅದು ಬೇರೆ ವಿಷಯ. ಇವತ್ತಿನ ಪಟ್ಟಿಯಲ್ಲಿ ಇವರ ಹೆಸರಿಲ್ಲ. ಜಾಗ ಉಳಿದರೆ ನೋಡುವ.”

ಮತ್ತೆ ಕಾಯುವುದು. ಎದುರಿನ ಬೆಂಚಿನಲ್ಲಿ ಎಳೆ ಬಾಣಂತಿಯೊಬ್ಬಳು ನಲವತ್ತು ದಿನದ ಗಂಡುಮಗುವನ್ನು ತೊಡೆಯಲ್ಲಿಟ್ಟು ಕೂತಿದ್ದಳು. ಬಂಟ್ವಾಳ ಕಡೆಯ ರುಕಿಯಾ. ಗಂಡ ಬೊಂಬಾಯಿಯಲ್ಲಿ, ಕರೆದುಕೊಂಡು ಹೋಗುವವನು ಅಣ್ಣ ಉಮ್ಮರ್. ಹತ್ತು ದಾಟಿತು, ಹನ್ನೊಂದು ದಾಟಿತು, ವಿಮಾನವಿಲ್ಲ. ಸೆಕೆಗೆ ಮಗು ಅಳಲು ಶುರುಮಾಡಿತು. ಮೊಲೆ ಕೊಟ್ಟರೆ ಕುಡಿಯದು, ಹೆಗಲಿಗೆ ಹಾಕಿದರೆ ನಿಲ್ಲದು, ಕಾಲನ್ನು ಹೊಟ್ಟೆಗೆ ಎಳೆದುಕೊಂಡು ಕೆಂಪಾಗಿ ಕಿರುಚುವುದು. ಉಮ್ಮರ್ ಎರಡು ಸಲ ಹೋಗಿ ವಿಚಾರಿಸಿದ. ಗುಮಾಸ್ತ ಎರಡು ಸಲವೂ ಗೋಡೆಯ ಗಡಿಯಾರ ತೋರಿಸಿದ.

ಪೂವಕ್ಕ ಒಂದು ಗಳಿಗೆ ಬೇರೆ ಕಡೆ ನೋಡಿದಳು. ಆ ಅಳು ಹೊಟ್ಟೆಯಲ್ಲಿ ವಾಯು ಕಟ್ಟಿದ ಅಳು ಎಂದು ಅವಳ ಕಿವಿಗೆ ಗೊತ್ತು. ಅದಕ್ಕೆ ಬೇಕಾದ ಎಣ್ಣೆ ತನ್ನ ಮಡಿಲಲ್ಲೇ ಇರುವುದೂ ಗೊತ್ತು. ಆದರೆ ಗಂಟು ಕುಸುಮನದ್ದು. ನಡುದಾರಿಯಲ್ಲಿ ಬಿಚ್ಚಿ, ಅಲ್ಲಿ ಆ ಹುಡುಗಿಗೆ ಏನಾದರೂ ಆದರೆ? ನೀಲಾವತಿಗೆ ಏನೆಂದು ಹೇಳುವುದು? ಗಂಟಿನ ಮೇಲೆ ಎರಡೂ ಕೈ ಇಟ್ಟುಕೊಂಡು ಅವಳು ಕೂತಳು. ಮಗುವಿನ ದನಿ ಒಡೆಯತೊಡಗಿತು. ರುಕಿಯಾ ತಾನೂ ಅಳತೊಡಗಿದಳು.

“ಥತ್!” ಎಂದು ಪೂವಕ್ಕ ಎದ್ದಳು. “ಕೊಡು ಇತ್ತ, ಮಗಾ.”

ಏರೋಡ್ರೋಮಿನ ಹೊರಗೆ ಭೋಜ ಎಂಬವನ ಚಹಾದಂಗಡಿ. ಅವನ ಹಂಡೆಯಿಂದ ಬಿಸಿನೀರು ತೆಗೆದು, ಮಾವಿನಮರದ ಅಡಿಯಲ್ಲಿ ಗಂಟು ಬಿಚ್ಚಿ, ಹಾಳೆ ನೆನೆಸಿ, ಎಣ್ಣೆ ಬೆಚ್ಚಗೆ ಮಾಡಿ ಅವಳು ಕೆಲಸಕ್ಕೆ ಕೂತಳು. ಹೊಟ್ಟೆಯ ಮೇಲೆ ಬಲಸುತ್ತು ತಿಕ್ಕಿ, ಮೊಣಕಾಲುಗಳನ್ನು ಮಡಚಿ ಮೆಲ್ಲನೆ ಒತ್ತಿದಾಗ, ಮಗುವಿನಿಂದ ಹೊರಟ ಸದ್ದಿಗೆ ಭೋಜ, “ವಿಮಾನ ಬಂತು!” ಎಂದ. ಅಳುತ್ತಿದ್ದ ರುಕಿಯಾ ಸೆರಗು ಬಾಯಿಗಿಟ್ಟು ನಕ್ಕುಬಿಟ್ಟಳು.

ಆಗ ಗುಮಾಸ್ತ ಹೊರಗೆ ಬಂದ. “ಏನಿದು? ಇಲ್ಲಿ ಸ್ನಾನ ಮಾಡಿಸಬಾರದು. ಇದು ಸರಕಾರದ ಜಾಗ.”

ಪೂವಕ್ಕ ನೀರು ಹೊಯ್ಯುವುದನ್ನು ನಿಲ್ಲಿಸಲಿಲ್ಲ. “ಆಗಬಹುದು. ನಿಮ್ಮ ವಿಮಾನ ಬಂದಾಗ ಹೇಳಿ, ನಿಲ್ಲಿಸ್ತೇನೆ” ಎಂದಳು. ಕಾಯುತ್ತಿದ್ದವರೆಲ್ಲ ಸುತ್ತ ನಿಂತಿದ್ದರು. ಗುಮಾಸ್ತ ಅವರ ಮುಖಗಳನ್ನು ನೋಡಿ ಒಳಗೆ ಹೋದ.

ವಿಮಾನ ಇಳಿದದ್ದು ಮೂರು ಗಂಟೆಗೆ. ಜಾಗ ಉಳಿಯಲಿಲ್ಲ. ಹೊದಿಕೆಯೊಳಗೆ ನಿದ್ದೆ ಹೋದ ಮಗುವನ್ನು ಎತ್ತಿಕೊಂಡು ರುಕಿಯಾ ಹೊರಟಾಗ ಉಮ್ಮರ್ ಹಿಂದೆ ಉಳಿದು, “ಪೂವಕ್ಕ, ನೀವು ಹೇಳಿದ ಆ ಹೋಟೆಲಿನ ವಿಳಾಸ ಕೊಡಿ. ನಾಳೆ ಬೆಳಿಗ್ಗೆ ನಾನೇ ಹೋಗಿ ನೀವು ಬರುವವರಿದ್ದೀರಿ ಅಂತ ಹೇಳ್ತೇನೆ” ಎಂದ. ಚಿನ್ನಯ್ಯ ತನ್ನ ಬಸ್ಸಿನ ಚೀಟಿಯ ಬೆನ್ನಿಗೆ ವಿಳಾಸ ಬರೆದುಕೊಟ್ಟ. ಆಮೇಲೆ ಗುಮಾಸ್ತನ ಎದುರು ಹೋಗಿ ನಿಂತ.

“ನಾಳೆ ಶುಕ್ರವಾರ ಈ ವಿಮಾನವಿಲ್ಲ. ಶನಿವಾರ ಬನ್ನಿ” ಎಂದ ಗುಮಾಸ್ತ.

“ಬರ್ತೇವೆ. ಪುಸ್ತಕ ಇತ್ತ ತಿರುಗಿಸಿ. ಹೆಸರು ಬರೆಯುವುದನ್ನು ನಾನು ನೋಡ್ಬೇಕು.”

“ಬರೆಯುತ್ತೇನೆ, ಹೋಗಿ.”

“ನನಗೇನು ಅವಸರ ಇಲ್ಲ. ನಿಮ್ಮಲ್ಲಿಗೆ ಬಂದ ಮೇಲೆ ಅವಸರ ಅನ್ನುವುದೇ ಬಿಟ್ಟುಹೋಗಿದೆ.”

ಹೆಸರು ಬರೆಯುವವರೆಗೂ ಅವನು ಅಲ್ಲಾಡಲಿಲ್ಲ.

ಶುಕ್ರವಾರ ಪೂವಕ್ಕ ಮೂಡುಬಿದಿರೆಯಲ್ಲಿ ಅಕ್ಕಿ ಆರಿಸುತ್ತ ಕಳೆದಳು. ಒಂದೇ ಮೊರದ ಅಕ್ಕಿಯನ್ನು ಮೂರು ಸಲ ಆರಿಸಿದ್ದನ್ನು ನೋಡಿದ ರಾಜೀವಿ ಎದುರಿಗೊಂದು ಲೋಟ ಕಾಫಿ ಇಟ್ಟಳು. “ಗಂಟು ಬಿಚ್ಚಿಬಿಟ್ಟೆ ರಾಜೀವಿ” ಎಂದಳು ಪೂವಕ್ಕ. ಒಂದು ಗುಟುಕು ಕುಡಿದು, “ಬಿಚ್ಚದೆ ಕೂತಿದ್ದರೆ ಈಗ ಕಾಫಿ ಇಳಿಯುತ್ತಿರಲಿಲ್ಲ, ಅದೂ ಹೌದು” ಎಂದಳು.

ಶನಿವಾರ ವಿಮಾನ ಬಂತು. ಅವಳ ಹೆಸರೂ ಇತ್ತು. ಆದರೆ ತಕ್ಕಡಿಯ ಮುಳ್ಳು ನೋಡಿ ಗುಮಾಸ್ತ, “ಇವತ್ತು ಭಾರ ಹೆಚ್ಚಾಗಿದೆ. ಒಂದು ಸಾಮಾನು ಬಿಟ್ಟುಹೋಗಿ. ಮುಂದಿನ ವಿಮಾನದಲ್ಲಿ ಕಳುಹಿಸುತ್ತೇವೆ” ಎಂದ. ಬುಧವಾರ ತೂಗಿದ ಗಂಟೇ ಅದು, ಅವಳೇ ಅವಳು. ಚಿನ್ನಯ್ಯ ಬಾಯಿ ತೆರೆಯುವಷ್ಟರಲ್ಲಿ ಪೂವಕ್ಕ ಹಾಳೆಯನ್ನು ಎಳೆದು ಮೇಜಿನ ಮೇಲಿಟ್ಟಳು. ಎಣ್ಣೆಯ ಭರಣಿಯನ್ನು ಎದೆಗೆ ಒತ್ತಿಕೊಂಡಳು. ಜಗಳಕ್ಕೆ ನಿಂತರೆ ಮೂರನೆಯ ಸಲವೂ ವಿಮಾನ ಹೋದೀತು. ಗುಮಾಸ್ತ ಹಾಳೆಗೆ ಒಂದು ಚೀಟಿ ಅಂಟಿಸಿ, ಮೂಲೆಗೆ ಒರಗಿಸಿದ.

ಹಾರುವಾಗ ಏನೆನಿಸಿತು ಎಂದು ಮುಂದೆ ಎಷ್ಟೋ ಜನ ಅವಳನ್ನು ಕೇಳಿದರು. “ಕಿವಿ ಕಟ್ಟಿತು. ನಾನು ಭರಣಿಯ ಬಾಯಿ ನೋಡ್ತಾ ಇದ್ದೆ” ಎನ್ನುವಳು, ಅಷ್ಟೇ.

ಬೊಂಬಾಯಿಯಲ್ಲಿ ಅವಳನ್ನು ಎದುರುಗೊಂಡ ಸುಧಾಕರನ ಮುಖ ನೋಡಿಯೇ ತಿಳಿಯಿತು. “ಹೆಣ್ಣುಮಗು, ಪೂವಕ್ಕ. ನಿನ್ನೆ ಮಧ್ಯಾಹ್ನ. ಡಾಕ್ಟರು ಹೇಳಿದ ದಿನಕ್ಕಿಂತ ಎಂಟು ದಿನ ಮೊದಲೇ. ಇಬ್ಬರೂ ಕ್ಷೇಮ.” ಕ್ಷೇಮ ಎಂಬ ಮಾತಿಗೆ ಅವಳ ಕಣ್ಣು ತುಂಬಿತು. ಆಸ್ಪತ್ರೆ ಅಂದರೆ ನರ್ಸುಗಳು ಹುಟ್ಟಿದ ಗಳಿಗೆಗೇ ತೊಳೆದು ಮುಗಿಸಿರುತ್ತಾರೆ. ಒಂದು ದಿನ. ಒಂದೇ ಒಂದು ದಿನಕ್ಕೆ ನೀಲಾವತಿಯ ಮಾತು ತಪ್ಪಿತು ಎಂದು ಲೆಕ್ಕಹಾಕುತ್ತ ಅವಳು ಟ್ಯಾಕ್ಸಿಯಲ್ಲಿ ಕೂತಳು.

ಕುಸುಮ ಮಂಚದಲ್ಲಿ ಒರಗಿ ಕೂತಿದ್ದಳು. ಪೂವಕ್ಕನನ್ನು ಕಂಡದ್ದೇ, “ಎಷ್ಟು ಹೊತ್ತು ಮಾಡುದು? ನಿಮ್ಮಿಂದಾಗಿ ಇಲ್ಲಿ ಎಲ್ಲರ ಹತ್ತಿರ ಬೈಸಿಕೊಂಡೆ” ಎಂದಳು.

“ನಾನೇನು ಮಾಡಿದೆ ಮಗಾ?”

“ಆಸ್ಪತ್ರೆಗೆ ಹೊರಡ್ಲಿಕ್ಕೆ ಟ್ಯಾಕ್ಸಿ ಹತ್ತುವಾಗ ಉಮ್ಮರ್ ಅಂತ ಒಬ್ಬರು ಓಡಿಕೊಂಡು ಬಂದರು. ಪೂವಕ್ಕ ಬಜಪೆಯಲ್ಲಿ ಸಿಕ್ಕಿಬಿದ್ದಿದ್ದಾರೆ, ಮುಂದಿನ ವಿಮಾನಕ್ಕೆ ಖಂಡಿತ ಬರ್ತಾರೆ ಅಂದರು. ಹೆತ್ತ ಕೂಡಲೇ ನಾನು ನರ್ಸಮ್ಮನಿಗೆ ಹೇಳಿದೆ, ಒರಸಿ ಸಾಕು, ತಲೆಗೆ ನೀರು ಹಾಕಬೇಡಿ, ಅದಕ್ಕೆ ಊರಿಂದ ಜನ ಬರ್ತದೆ ಅಂತ. ಅವರು ನಕ್ಕರು, ಬೈದರು, ಆದರೆ ಒರಸಿಯೇ ಬಿಟ್ಟರು.”

ಪೂವಕ್ಕ ಭರಣಿಯನ್ನು ಮಂಚದ ಬುಡದಲ್ಲಿಟ್ಟಳು. ಆಮೇಲೆ ಬಿಸಿನೀರು ಎಲ್ಲಿ ಸಿಗ್ತದೆ ಎಂದು ಕೇಳಿದಳು. ಹಾಳೆ ಇರಲಿಲ್ಲ, ಬಚ್ಚಲ ನೆಲದಲ್ಲಿ ಕೂತು, ಸೀರೆ ಮೊಣಕಾಲ ಮೇಲೆ ಸರಿಸಿ, ಚಾಚಿದ ಕಾಲುಗಳ ಮೇಲೆಯೇ ಮಗುವನ್ನು ಮಲಗಿಸಿಕೊಂಡಳು. “ಅಪ್ಪನ ಮೂಗು ಬೇಡ” ಎಂದು ಶುರುಮಾಡಿ, ಹಣೆಗೆ ಎಣ್ಣೆ ಸವರಿ, ಅಂಗೈಯಿಂದ ತಲೆಗೆ ನೀರು ಬಿಟ್ಟಳು. “ಅಜ್ಜಿಯ ಮೂಗು ಬಂದೇ ಬಿಟ್ಟಿದೆಯಲ್ಲ, ನನಗೆ ಕೆಲಸವೇ ಇಟ್ಟಿಲ್ಲ ನೋಡು ಇವಳು.”

ಹಾಳೆ ಬಂದದ್ದು ಇಪ್ಪತ್ತೆರಡು ದಿನಗಳ ಮೇಲೆ. ಮೈತುಂಬ ಚೀಟಿ, ಯಾವ ಯಾವ ಊರಿನ ಆಕಾಶ ಸುತ್ತಿತ್ತೋ ಏನೋ. ಒಣಗಿ ನಡುವೆ ಸೀಳಿತ್ತು. ಪೂವಕ್ಕ ಅದನ್ನು ಬಿಸಾಡಲಿಲ್ಲ. ಸೀಳಿದ ಕಡೆ ಕತ್ತರಿಸಿ ಒಂದು ಬೀಸಣಿಗೆ ಮಾಡಿದಳು. ಬಾಣಂತನ ಮುಗಿಯುವವರೆಗೆ ಅದರಲ್ಲೇ ತಾಯಿಗೂ ಮಗುವಿಗೂ ಗಾಳಿ ಹಾಕಿದಳು.

ಅವಳ ಕಟ್ಟುಪಾಡಿಗೆ ಅಂದಿನಿಂದ ಒಂದು ತಿದ್ದುಪಡಿ ಸೇರಿತು. ಗಂಟು ಕಟ್ಟುವುದನ್ನು ಕಲಿಯಲು ಬಂದ ಸೊಸೆಗೆ ಎಲ್ಲ ಹೇಳಿಕೊಟ್ಟು ಕೊನೆಗೆ, “ದಾರಿಯಲ್ಲಿ ಮಗು ಅತ್ತರೆ ಬಿಚ್ಚಬಹುದು” ಎನ್ನುವಳು.

ಇತ್ತ ಚಿನ್ನಯ್ಯ ಕಂಪೆನಿಗೆ ದೂರು ಬರೆದ. ಒಂದಲ್ಲ, ನಾಲ್ಕು ಕಾಗದ. ಉತ್ತರ ಬರುವಾಗ ಕುಸುಮನ ಮಗಳು ಬಂಟ್ವಾಳದ ಅಂಗಳದಲ್ಲಿ ತಪ್ಪುಹೆಜ್ಜೆ ಇಡುತ್ತಿದ್ದಳು. “ನಿಮ್ಮ ಪತ್ರ ತಲುಪಿದೆ, ಪರಿಶೀಲನೆಯಲ್ಲಿದೆ” ಎಂದಷ್ಟೇ ಇತ್ತು. ಚಿನ್ನಯ್ಯ ಅದನ್ನು ಓದಿ ಹೇಳಿ, “ಇವರನ್ನು ತಿದ್ದುವುದು ಹೇಗೆ ಪೂವಕ್ಕ?” ಎಂದು ಕೇಳಿದ.

ಪೂವಕ್ಕ ಮಗುವಿನ ಹಿಂದಲೆಯನ್ನು ಅಂಗೈಯಲ್ಲಿ ಸವರಿ ನೋಡುತ್ತಿದ್ದಳು. “ಹುಟ್ಟಿದ ನಲವತ್ತು ದಿನದ ಒಳಗೆ ನನ್ನ ಕೈಗೆ ಸಿಕ್ಕಿದ್ದರೆ ಏನಾದರೂ ಮಾಡಬಹುದಿತ್ತು” ಎಂದಳು. “ಈಗ ತಲೆ ಗಟ್ಟಿಯಾಗಿದೆ, ಚಿನ್ನಯ್ಯಣ್ಣ.”